ಹೈ ಡೆಫಿನಿಷನ್ ವಿಡಿಯೋ ಸಂಕಲನ: ಮನೆಯ ಕಂಪ್ಯೂಟರ್ ತಡವರಿಸುವುದೇಕೆ, ವೇಗ ಹೆಚ್ಚಿಸುವುದು ಹೇಗೆ?

ನಾಮಕರಣದಿಂದ ಹಿಡಿದು ಷಷ್ಟ್ಯಬ್ದಿಯವರೆಗೆ ಮನೆಯ ಪ್ರತಿಯೊಂದು ಶುಭಕಾರ್ಯವೂ ಇಂದು ವಿಡಿಯೋದಲ್ಲಿ ದಾಖಲಾಗುತ್ತದೆ. ಹೊರನಾಡಿನಲ್ಲಿ ನೆಲೆ ನಿಂತಿರುವ ನಮ್ಮಂತಹ ಕುಟುಂಬಗಳಿಗೆ ಈ ದಾಖಲೆಗಳ ಬೆಲೆ ಇನ್ನೂ ಹೆಚ್ಚು. ಊರಿನ ಮನೆಯ ಜಗಲಿ, ಹಿರಿಯರ ಮಾತಿನ ಧಾಟಿ, ಹಬ್ಬದ ದಿನದ ಪಡಸಾಲೆ ಇವೆಲ್ಲ ಇಲ್ಲಿ ಬೆಳೆಯುವ ಮಕ್ಕಳಿಗೆ ವರ್ಷಕ್ಕೊಮ್ಮೆ ರಜೆಯಲ್ಲಿ ಮಾತ್ರ ದೊರೆಯುವಂಥವು. ಆದರೆ ಹೀಗೆ ಚಿತ್ರೀಕರಿಸಿದ್ದರಲ್ಲಿ ಎಷ್ಟು ಭಾಗವು ಕುಳಿತು ನೋಡಬಹುದಾದ ಚಿತ್ರವಾಗಿ ರೂಪುಗೊಳ್ಳುತ್ತದೆ? ಬಹುಪಾಲು ದೃಶ್ಯಗಳು ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಇದ್ದಂತೆಯೇ ಉಳಿದುಬಿಡುತ್ತವೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಸಂಕಲನಕ್ಕೆಂದು ಕುಳಿತ ಮೊದಲ ದಿನವೇ ಕಂಪ್ಯೂಟರ್ ತಡವರಿಸಿ, ಚಿತ್ರ ನಿಂತು ನಿಂತು ಸಾಗಿ, ಉತ್ಸಾಹವನ್ನೆಲ್ಲ ಬತ್ತಿಸಿಬಿಡುವುದು ಮುಖ್ಯ ಕಾರಣ.

ಈ ತೊಂದರೆಗೆ ಹೊಸ ಕಂಪ್ಯೂಟರ್ ಕೊಳ್ಳುವುದೊಂದೇ ಪರಿಹಾರ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಅದು ಪೂರ್ಣ ಸತ್ಯವಲ್ಲ ಎಂಬುದನ್ನು ನಾವು ತಡವಾಗಿ ಕಲಿತೆವು. ಆ ತಡದ ಬೆಲೆಯನ್ನೂ ತೆತ್ತೆವು. ಓದುಗರಿಗೆ ಹಾಗಾಗದಿರಲಿ ಎಂಬ ಆಶಯದಿಂದ ಈ ಲೇಖನ.

ನಮ್ಮ ಅನುಭವ

2011ರಲ್ಲಿ ಮಲೆನಾಡಿನ ನಮ್ಮ ಊರಿನಲ್ಲಿ ಅಜ್ಜಿಯ ಸಹಸ್ರಚಂದ್ರ ದರ್ಶನ ಶಾಂತಿ ನೆರವೇರಿತು. ಆಗಷ್ಟೇ ಕೊಂಡಿದ್ದ ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರಿನಲ್ಲಿ ಎರಡು ದಿನಗಳ ಕಾರ್ಯಕ್ರಮವನ್ನು ಸುಮಾರು ಆರು ಗಂಟೆಗಳಷ್ಟು ಚಿತ್ರೀಕರಿಸಿಕೊಂಡೆವು. ಸಂಜೆ ಹಸೆಯ ಮುಂದೆ ಕುಳಿತು ಅಜ್ಜಿ ತಾವೇ ಹಸೆಹಾಡುಗಳನ್ನು ಹಾಡಿದರು. ನಡುನಡುವೆ ನಿಲ್ಲಿಸಿ, ಯಾವ ಹಾಡನ್ನು ಯಾರಿಂದ ಕಲಿತೆನೆಂದು ವಿವರಿಸಿದರು. ಮುಂಬಯಿಗೆ ಹಿಂದಿರುಗುವಾಗ "ನಾನು ಹಾಡಿದ್ದನ್ನು ನನಗೂ ಒಮ್ಮೆ ತೋರಿಸಿ" ಎಂದಿದ್ದರು.

ಮನೆಯಲ್ಲಿದ್ದುದು ಎರಡು ಕೋರ್‌ಗಳ ಪ್ರೊಸೆಸರ್ ಮತ್ತು 4 ಗಿಗಾಬೈಟ್ ಮೆಮರಿ ಇದ್ದ ಕಂಪ್ಯೂಟರ್. ದೃಶ್ಯಗಳನ್ನು ತಂತ್ರಾಂಶಕ್ಕೆ ಸೇರಿಸಿ ಚಾಲನೆ ಮಾಡಿದರೆ ಧ್ವನಿ ಮುಂದೆ ಓಡುತ್ತಿತ್ತು, ಚಿತ್ರ ಹಿಂದೆ ಉಳಿಯುತ್ತಿತ್ತು. ಒಂದು ಕಡೆ ಕತ್ತರಿಸಬೇಕೆಂದು ಹಿಂದಕ್ಕೆ ಸರಿದರೆ ಪರದೆ ಸ್ತಬ್ಧವಾಗುತ್ತಿತ್ತು. ಅಂಗಡಿಯವರೊಬ್ಬರ ಸಲಹೆಯಂತೆ ಮೆಮರಿಯನ್ನು 8 ಗಿಗಾಬೈಟಿಗೆ ಏರಿಸಿದೆವು. ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲ. ಎರಡು ಭಾನುವಾರ ಹೆಣಗಿ, "ಹೊಸ ಕಂಪ್ಯೂಟರ್ ಬಂದ ಮೇಲೆ ನೋಡೋಣ" ಎಂದು ಕೈಬಿಟ್ಟೆವು.

ಹೊಸ ಕಂಪ್ಯೂಟರ್ ಬರಲಿಲ್ಲ. 2014ರಲ್ಲಿ ಅಜ್ಜಿ ತೀರಿಕೊಂಡರು. ವರ್ಷಾಂತಿಕಕ್ಕೆ ಮುನ್ನವಾದರೂ ಚಿತ್ರವನ್ನು ಮುಗಿಸಲೇಬೇಕೆಂದು ಕುಳಿತಾಗ ಸರಿಯಾದ ವಿಧಾನ ತಿಳಿಯಿತು. ನಾಲ್ಕೇ ಭಾನುವಾರಗಳಲ್ಲಿ, ಅದೇ ಹಳೆಯ ಕಂಪ್ಯೂಟರಿನಲ್ಲಿ, ನಲವತ್ತು ನಿಮಿಷಗಳ ಚಿತ್ರ ಸಿದ್ಧವಾಯಿತು. ಮೂರು ವರ್ಷ ನಮಗೆ ಕೊರತೆಯಾಗಿದ್ದುದು ಹಣವಲ್ಲ, ತಿಳಿವಳಿಕೆ.

ಕಡತ ಚಿಕ್ಕದು, ಕೆಲಸ ದೊಡ್ಡದು

ಭಾರತದಲ್ಲಿ ಬಳಕೆಯಲ್ಲಿದ್ದ ಹಳೆಯ ಡಿವಿ ಕ್ಯಾಮೆರಾದ ಒಂದು ಚೌಕಟ್ಟು, ಅಂದರೆ ಒಂದು ಫ್ರೇಮು, 720 ಅಡ್ಡ ಮತ್ತು 576 ಉದ್ದದ ಪಿಕ್ಸೆಲ್‌ಗಳಿಂದ ಕೂಡಿರುತ್ತಿತ್ತು. ಒಟ್ಟು 4,14,720. ಪೂರ್ಣ ಹೈ ಡೆಫಿನಿಷನ್ ಚೌಕಟ್ಟಿನಲ್ಲಿ 1920 ಅಡ್ಡ ಮತ್ತು 1080 ಉದ್ದ, ಒಟ್ಟು 20,73,600 ಪಿಕ್ಸೆಲ್‌ಗಳಿವೆ. ಸರಿಯಾಗಿ ಐದು ಪಟ್ಟು. ಇಂದಿನ ಮೊಬೈಲುಗಳು ದಾಖಲಿಸುವ 4ಕೆ ಚಿತ್ರದಲ್ಲಿ ಇದರ ನಾಲ್ಕು ಪಟ್ಟು, ಅಂದರೆ 82,94,400 ಪಿಕ್ಸೆಲ್‌ಗಳು.

ಆದರೆ ತೊಂದರೆಯ ಮೂಲ ಗಾತ್ರವೊಂದೇ ಅಲ್ಲ. ಹೈ ಡೆಫಿನಿಷನ್ ಚಿತ್ರವನ್ನು ಕುಗ್ಗಿಸದೆ ಇಟ್ಟರೆ, ಸೆಕೆಂಡಿಗೆ 25 ಚೌಕಟ್ಟುಗಳಂತೆ, ಕ್ಯಾಮೆರಾಗಳು ಸಾಮಾನ್ಯವಾಗಿ ಬಳಸುವ ಬಣ್ಣದ ಲೆಕ್ಕದಲ್ಲಿಯೇ ಸೆಕೆಂಡಿಗೆ ಸುಮಾರು 78 ಮೆಗಾಬೈಟ್ ಜಾಗ ಬೇಕು. ಅಷ್ಟನ್ನು ಮನೆಬಳಕೆಯ ಕ್ಯಾಮೆರಾದ ಚಿಕ್ಕ ಕಾರ್ಡಿನಲ್ಲಿ ತುಂಬಿಸಲಾಗದು. ಆದ್ದರಿಂದ ಕುಗ್ಗಿಸುವಿಕೆ ಅನಿವಾರ್ಯ. ಸೋನಿ ಮತ್ತು ಪ್ಯಾನಾಸೋನಿಕ್ ಸಂಸ್ಥೆಗಳು 2006ರಲ್ಲಿ ಪ್ರಕಟಿಸಿದ ಎವಿಸಿಎಚ್‌ಡಿ ಎಂಬ ಮಾದರಿ, 2003ರಲ್ಲಿ ಅಂಗೀಕೃತವಾದ ಎಚ್.264 ಎಂಬ ಕುಗ್ಗಿಸುವ ವಿಧಾನವನ್ನು ಬಳಸಿಕೊಂಡು, ಇದೇ ಚಿತ್ರವನ್ನು ಸೆಕೆಂಡಿಗೆ ಹೆಚ್ಚೆಂದರೆ 24 ಮೆಗಾಬಿಟ್, ಅಂದರೆ 3 ಮೆಗಾಬೈಟಿನಲ್ಲಿ ಅಡಗಿಸಿತು. ಹಳೆಯ ಡಿವಿ ಚಿತ್ರಕ್ಕೆ 25 ಮೆಗಾಬಿಟ್ ಬೇಕಾಗುತ್ತಿತ್ತು. ಐದು ಪಟ್ಟು ದೊಡ್ಡ ಚಿತ್ರ, ಮೊದಲಿಗಿಂತ ಕಡಿಮೆ ಜಾಗ! ಇದು ಹೇಗೆ ಸಾಧ್ಯವಾಯಿತು?

ಹಳೆಯ ಅಂಗಡಿಯ ಲೆಕ್ಕದ ಪುಸ್ತಕವನ್ನು ನೆನಪಿಸಿಕೊಳ್ಳಿ. ಮೊದಲ ಸಾಲಿನಲ್ಲಿ ಸರಕಿನ ಹೆಸರನ್ನು ಪೂರ್ತಿ ಬರೆದಿರುತ್ತಾರೆ. ಕೆಳಗಿನ ಸಾಲುಗಳಲ್ಲಿ "ಸದರಿ", "ಸದರಿ" ಎಂದಷ್ಟೇ ಬರೆದು, ಬದಲಾದ ಅಂಕಿಯನ್ನು ಮಾತ್ರ ನಮೂದಿಸುತ್ತಾರೆ. ಬರೆಯುವವರಿಗೆ ಶ್ರಮ ಉಳಿಯಿತು, ಪುಟವೂ ಉಳಿಯಿತು. ಆದರೆ ಹತ್ತನೆಯ ಸಾಲು ಯಾವುದರ ಲೆಕ್ಕವೆಂದು ತಿಳಿಯಬೇಕಾದರೆ ಮೇಲಿನ ಪೂರ್ಣ ಸಾಲಿನವರೆಗೂ ಕಣ್ಣಾಡಿಸಲೇಬೇಕು.

ಎಚ್.264 ಮಾಡುವುದೂ ಇದನ್ನೇ. ಸಾಮಾನ್ಯವಾಗಿ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಒಂದು ಚೌಕಟ್ಟನ್ನು ಮಾತ್ರ ಪೂರ್ಣವಾಗಿ ಬರೆದಿಡುತ್ತದೆ. ಇದನ್ನು ಕೀ ಫ್ರೇಮ್ ಎನ್ನುತ್ತಾರೆ. ಉಳಿದವುಗಳಲ್ಲಿ ಹಿಂದಿನ ಚೌಕಟ್ಟಿಗೂ ಇದಕ್ಕೂ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಕೆಲವು ಚೌಕಟ್ಟುಗಳಂತೂ ಹಿಂದಿನದನ್ನೂ ಮುಂದಿನದನ್ನೂ ಎರಡನ್ನೂ ಆಧರಿಸಿರುತ್ತವೆ. ಆದಿಯಿಂದ ಅಂತ್ಯದವರೆಗೆ ನೇರವಾಗಿ ನೋಡುವಾಗ ಇದರಿಂದ ತೊಡಕಿಲ್ಲ. ಸಂಕಲನದ ಸ್ವಭಾವವೇ ಬೇರೆ. ಇಲ್ಲಿ ನಾವು ಮುಂದೆ ಜಿಗಿಯುತ್ತೇವೆ, ಹಿಂದೆ ಸರಿಯುತ್ತೇವೆ, ಒಂದೊಂದೇ ಚೌಕಟ್ಟನ್ನು ಹಿಂದಕ್ಕೆ ಎಳೆಯುತ್ತೇವೆ. ಪ್ರತಿ ಸಲವೂ ಕಂಪ್ಯೂಟರ್ ಹಿಂದಿನ ಪೂರ್ಣ ಚೌಕಟ್ಟನ್ನು ಹುಡುಕಿ, ಅಲ್ಲಿಂದ ಲೆಕ್ಕ ಹಾಕುತ್ತ ಬರಬೇಕು. ಎರಡು ದೃಶ್ಯಗಳನ್ನು ಒಂದರಲ್ಲೊಂದು ಬೆರೆಸಿದರೆ ಈ ಶ್ರಮವೂ ಇಮ್ಮಡಿ.

2013ರಲ್ಲಿ ಬಂದ ಎಚ್‌ಇವಿಸಿ ಅಥವಾ ಎಚ್.265 ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಅದು ಜಾಗವನ್ನು ಮತ್ತಷ್ಟು ಉಳಿಸುತ್ತದೆ, ಬಿಡಿಸುವ ಶ್ರಮವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಇಂದಿನ ಅನೇಕ ಮೊಬೈಲುಗಳು ದಾಖಲಿಸುವುದು ಈ ರೂಪದಲ್ಲಿಯೇ. "ಕಡತ ಇಷ್ಟು ಚಿಕ್ಕದಿದೆ, ಕಂಪ್ಯೂಟರಿಗೆ ಏಕೆ ಕಷ್ಟ?" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಕಡತ ಚಿಕ್ಕದಾಗಿರುವುದೇ ಕಷ್ಟಕ್ಕೆ ಕಾರಣ.

ಔಷಧಕ್ಕೆ ಮುನ್ನ ರೋಗಪರೀಕ್ಷೆ

ಕಂಪ್ಯೂಟರನ್ನು ಒಂದು ಮದುವೆಮನೆಯ ಅಡುಗೆಶಾಲೆಗೆ ಹೋಲಿಸಬಹುದು. ಪ್ರೊಸೆಸರ್ ಎಂದರೆ ಅಡುಗೆಭಟ್ಟರು. ಮೆಮರಿ ಎಂದರೆ ಸಾಮಗ್ರಿಗಳನ್ನು ಹರಡಿಕೊಳ್ಳುವ ಕಟ್ಟೆ. ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ. ಊಟ ತಡವಾಗುತ್ತಿದ್ದರೆ ತಡ ಎಲ್ಲಿ ಆಗುತ್ತಿದೆ ಎಂದು ಮೊದಲು ನೋಡಬೇಕು. ಭಟ್ಟರ ಕೈಗೆ ಬಿಡುವೇ ಇಲ್ಲದಿರುವಾಗ ಕಟ್ಟೆಯನ್ನು ಅಗಲ ಮಾಡಿದರೆ ಫಲವೇನು? ಮೆಮರಿಗೆ ಹಣ ಸುರಿದು ನಾವು ಮಾಡಿದ ತಪ್ಪು ಇದೇ.

ಪರೀಕ್ಷೆಗೆ ಹಣ ಬೇಕಿಲ್ಲ. ವಿಂಡೋಸ್ ಇರುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆಪಲ್ ಕಂಪ್ಯೂಟರಿನಲ್ಲಿ ಆ್ಯಕ್ಟಿವಿಟಿ ಮಾನಿಟರ್ ಇದೆ. ಅದನ್ನು ಒಂದು ಬದಿಗೆ ಇಟ್ಟುಕೊಂಡು, ತಡವರಿಸುವ ದೃಶ್ಯವನ್ನು ಸಂಕಲನದ ತಂತ್ರಾಂಶದಲ್ಲಿ ಒಂದು ನಿಮಿಷ ಓಡಿಸಿ ನೋಡಿ.

ಪ್ರೊಸೆಸರಿನ ಅಂಕಿ ನೂರರ ಬಳಿಯೇ ನಿಂತಿದ್ದರೆ, ಕುಗ್ಗಿದ ಚಿತ್ರವನ್ನು ಬಿಡಿಸುವುದೇ ಭಾರವಾಗಿದೆ ಎಂದರ್ಥ. ಮುಂದೆ ಹೇಳುವ ಬದಲಿ ಪ್ರತಿಯ ಉಪಾಯ ಇದಕ್ಕೆ ರಾಮಬಾಣ. ಮೆಮರಿ ಪೂರ್ತಿ ತುಂಬಿದ್ದರೆ ತೆರೆದಿರುವ ಇತರ ತಂತ್ರಾಂಶಗಳನ್ನು, ಮುಖ್ಯವಾಗಿ ಹತ್ತಾರು ಪುಟಗಳನ್ನು ತೆರೆದಿಟ್ಟ ಬ್ರೌಸರನ್ನು, ಮುಚ್ಚಬೇಕು. ಆಮೇಲೂ ಸಾಲದಿದ್ದರೆ ಮಾತ್ರ ಮೆಮರಿ ಹೆಚ್ಚಿಸುವ ಯೋಚನೆ. ಡಿಸ್ಕಿನ ಅಂಕಿ ನೂರು ಮುಟ್ಟಿದ್ದರೆ ಉಗ್ರಾಣದ ಬಾಗಿಲು ಇಕ್ಕಟ್ಟಾಗಿದೆ ಎಂದು ತಿಳಿಯಬೇಕು. ನಮ್ಮ ಅನುಭವದಲ್ಲಿ ಮನೆಯ ಕಂಪ್ಯೂಟರುಗಳಲ್ಲಿ ಕಾಣುವುದು ಹೆಚ್ಚಾಗಿ ಮೊದಲನೆಯ ತೊಂದರೆಯೇ.

ಬದಲಿ ಪ್ರತಿ ಎಂಬ ಸರಳ ಉಪಾಯ

ನಾಟಕದ ತಾಲೀಮಿನಲ್ಲಿ ಯಾರೂ ಕಿರೀಟ, ಭುಜಕೀರ್ತಿಗಳನ್ನು ಧರಿಸುವುದಿಲ್ಲ. ಮಾತು, ನಡೆ, ಪ್ರವೇಶ, ನಿರ್ಗಮನಗಳನ್ನೆಲ್ಲ ಸಾದಾ ಉಡುಪಿನಲ್ಲಿಯೇ ಹೊಂದಿಸಿಕೊಳ್ಳುತ್ತಾರೆ. ಪ್ರದರ್ಶನದ ದಿನ ಅದೇ ನಡೆಗೆ ಪೂರ್ಣ ವೇಷ ಬರುತ್ತದೆ. ವಿಡಿಯೋ ಸಂಕಲನದಲ್ಲಿಯೂ ಇದು ಸಾಧ್ಯ. ಮೂಲ ದೃಶ್ಯಗಳಿಂದ ಹಗುರವಾದ ಬದಲಿ ಪ್ರತಿಗಳನ್ನು ತಯಾರಿಸಿ, ಸಂಕಲನವನ್ನೆಲ್ಲ ಅವುಗಳ ಮೇಲೆ ಮಾಡಿ, ಕೊನೆಯಲ್ಲಿ ಚಿತ್ರವನ್ನು ಹೊರತೆಗೆಯುವಾಗ ಮೂಲವನ್ನೇ ಬಳಸುವುದು. ಇಂತಹ ಪ್ರತಿಗೆ ಪ್ರಾಕ್ಸಿ ಎಂದು ಹೆಸರು.

ಬದಲಿ ಪ್ರತಿ ಎರಡು ರೀತಿಯಲ್ಲಿ ಹಗುರ. ಒಂದು, ಅದರ ಅಗಲ ಎತ್ತರಗಳನ್ನು ಅರ್ಧಕ್ಕೆ ಇಳಿಸಿದರೆ ಪಿಕ್ಸೆಲ್‌ಗಳ ಸಂಖ್ಯೆ ಕಾಲುಭಾಗವಾಗುತ್ತದೆ. ಎರಡು, ಮತ್ತು ಇದೇ ಹೆಚ್ಚು ಮುಖ್ಯ, ಅದನ್ನು "ಸದರಿ" ಇಲ್ಲದ ರೂಪದಲ್ಲಿ ಬರೆಯಬಹುದು. ಪ್ರತಿ ಚೌಕಟ್ಟೂ ತನ್ನಷ್ಟಕ್ಕೆ ಪೂರ್ಣವಾಗಿದ್ದರೆ ಕಂಪ್ಯೂಟರ್ ಎಲ್ಲಿಗೆ ಜಿಗಿದರೂ ಹಿಂದೆ ಹುಡುಕಬೇಕಾಗಿಲ್ಲ. ಅವಿಡ್ ಸಂಸ್ಥೆಯ ಡಿಎನ್‌ಎಕ್ಸ್ ಕುಟುಂಬದ ರೂಪಗಳು ಮತ್ತು ಆಪಲ್ ಸಂಸ್ಥೆ 2007ರಲ್ಲಿ ತಂದ ಪ್ರೋರೆಸ್ ಇದೇ ಜಾತಿಯವು.

ಮೂಲವನ್ನೇ ಪೂರ್ಣ ಗಾತ್ರದಲ್ಲಿ ಪ್ರೋರೆಸ್ 422 ರೂಪಕ್ಕೆ ಬದಲಿಸಿಕೊಂಡು ಸಂಕಲಿಸುವವರೂ ಇದ್ದಾರೆ. ಅದು ಒಳ್ಳೆಯ ಮಾರ್ಗವೇ, ಆದರೆ ಜಾಗದ ಹಸಿವು ದೊಡ್ಡದು. ಸೆಕೆಂಡಿಗೆ 25 ಚೌಕಟ್ಟುಗಳ ಹೈ ಡೆಫಿನಿಷನ್ ಚಿತ್ರ ಆ ರೂಪದಲ್ಲಿ ಗಂಟೆಗೆ ಸುಮಾರು 55 ಗಿಗಾಬೈಟ್ ಬೇಡುತ್ತದೆ. ಎವಿಸಿಎಚ್‌ಡಿ ಮೂಲಕ್ಕೆ ಸಾಕಾಗುತ್ತಿದ್ದುದು 11 ಗಿಗಾಬೈಟಿಗೂ ಕಡಿಮೆ. ಅರ್ಧ ಅಳತೆಯ ಪ್ರೋರೆಸ್ ಪ್ರಾಕ್ಸಿಯಾದರೆ ಗಂಟೆಗೆ ಸುಮಾರು 5 ಗಿಗಾಬೈಟ್ ಸಾಕು. ಮನೆಯ ಕೆಲಸಕ್ಕೆ ಇದೇ ಅನುಕೂಲ.

ಈ ಸೌಲಭ್ಯಕ್ಕಾಗಿ ದುಬಾರಿ ತಂತ್ರಾಂಶ ಬೇಕಿಲ್ಲ. ಉಚಿತವಾಗಿ ದೊರೆಯುವ ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡರಲ್ಲಿಯೂ ಪ್ರಾಕ್ಸಿಯ ವ್ಯವಸ್ಥೆ ಇದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿಯೂ ಇದೆ. ಹಣ ಕೊಟ್ಟು ಕೊಳ್ಳುವ ಅಡೋಬ್ ಪ್ರೀಮಿಯರ್ ಪ್ರೊ, ಆಪಲ್‌ನ ಫೈನಲ್ ಕಟ್ ಪ್ರೊ ಇವುಗಳಲ್ಲಿಯೂ ಇದೆ. ಇದ್ದರೂ ಅದರ ಕಡೆ ಕಣ್ಣು ಹಾಯಿಸದವರೇ ಹೆಚ್ಚು.

ಕೆಲಸದ ಕ್ರಮ

ಮೊದಲನೆಯದಾಗಿ, ಕ್ಯಾಮೆರಾದ ಕಾರ್ಡಿನಲ್ಲಿರುವುದನ್ನು ಇದ್ದಂತೆಯೇ, ಒಳಗಿನ ಫೋಲ್ಡರುಗಳ ಸಮೇತ, ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬೇಕು. ಎವಿಸಿಎಚ್‌ಡಿ ಕ್ಯಾಮೆರಾಗಳು ಉದ್ದನೆಯ ದೃಶ್ಯವನ್ನು ಹಲವು ಕಡತಗಳಾಗಿ ತುಂಡರಿಸಿ ಇಡುತ್ತವೆ. ತುಂಡುಗಳನ್ನು ಬಿಡಿಬಿಡಿಯಾಗಿ ಎತ್ತಿಕೊಂಡರೆ ಸಂಧಿಯಲ್ಲಿ ಧ್ವನಿ ಕ್ಷಣಕಾಲ ಕಡಿಯುವುದುಂಟು. ಹಾಡಿನ ನಡುವೆ ಹೀಗಾದರೆ ಸರಿಪಡಿಸುವುದು ಕಷ್ಟ. ಇದೇ ಸಮಯದಲ್ಲಿ ಇನ್ನೊಂದು ಡಿಸ್ಕಿಗೂ ನಕಲು ಮಾಡಿಟ್ಟು, ಆ ಬಳಿಕವೇ ಕಾರ್ಡನ್ನು ಅಳಿಸಬೇಕು.

ಎರಡನೆಯದಾಗಿ, ಹೆಸರುಗಳನ್ನು ಬದಲಿಸುವುದಿದ್ದರೆ ಈಗಲೇ ಬದಲಿಸಿ. ಬದಲಿ ಪ್ರತಿಗೂ ಮೂಲಕ್ಕೂ ಇರುವ ನಂಟು ಕಡತದ ಹೆಸರು ಮತ್ತು ಸ್ಥಳಗಳ ಮೂಲಕ. ನಡುವೆ ಮೂಲವನ್ನು ಬೇರೆಡೆಗೆ ಸಾಗಿಸಿದರೆ ತಂತ್ರಾಂಶಕ್ಕೆ ದಾರಿ ತಪ್ಪುತ್ತದೆ.

ಮೂರನೆಯದಾಗಿ, ಎಲ್ಲ ದೃಶ್ಯಗಳನ್ನೂ ತಂತ್ರಾಂಶಕ್ಕೆ ಸೇರಿಸಿ ಬದಲಿ ಪ್ರತಿಗಳನ್ನು ತಯಾರಿಸಲು ಹೇಳಿ, ಮಲಗಲು ಹೋಗಿ. ಇದು ಕಾಲ ಹಿಡಿಯುವ ಕೆಲಸ, ಆದರೆ ನಮ್ಮ ಕಾಲವನ್ನು ಹಿಡಿಯುವುದಿಲ್ಲ. ನಮ್ಮ ಆರು ಗಂಟೆಗಳ ದೃಶ್ಯಕ್ಕೆ ಆ ಹಳೆಯ ಕಂಪ್ಯೂಟರ್ ಮೂರು ರಾತ್ರಿ ತೆಗೆದುಕೊಂಡಿತು. ನಾಲ್ಕನೆಯ ದಿನ ಕುಳಿತಾಗ ಪರದೆಯ ಮೇಲೆ ಅಜ್ಜಿಯ ಹಾಡು ಎಲ್ಲಿಯೂ ನಿಲ್ಲದೆ ಸಾಗಿತು. ಕಂಪ್ಯೂಟರ್ ಅದೇ, ಬದಲಾದುದು ಅದಕ್ಕೆ ಕೊಟ್ಟ ಹೊರೆ ಮಾತ್ರ. ಕಾಯುವ ತಾಳ್ಮೆ ಇಲ್ಲದವರು ಮೂಲವನ್ನು ಒಮ್ಮೆ ಸಾದಾ ಪ್ಲೇಯರಿನಲ್ಲಿ ನೋಡಿ, ಬೇಕಾದ ದೃಶ್ಯಗಳಿಗೆ ಮಾತ್ರ ಬದಲಿ ಪ್ರತಿ ಮಾಡಿಕೊಳ್ಳಬಹುದು.

ನಾಲ್ಕನೆಯದಾಗಿ, ಸಂಕಲನ ಮುಗಿದ ಮೇಲೆ ಚಿತ್ರವನ್ನು ಹೊರತೆಗೆಯುವ ಮುನ್ನ, ಬಳಕೆಯಾಗುತ್ತಿರುವುದು ಮೂಲವೇ ಎಂದು ಖಚಿತಪಡಿಸಿಕೊಳ್ಳಬೇಕು. ಕೆಲವು ತಂತ್ರಾಂಶಗಳಲ್ಲಿ ಬದಲಿ ಪ್ರತಿಯನ್ನೇ ಬಳಸಿ ಹೊರತೆಗೆಯುವ ಆಯ್ಕೆಯೂ ಇರುತ್ತದೆ. ಅದು ಅರಿವಿಲ್ಲದೆ ಚಾಲೂ ಆಗಿದ್ದರೆ ಮಸುಕಾದ ಚಿತ್ರ ಸಿದ್ಧವಾಗುತ್ತದೆ. ಒಂದು ನಿಮಿಷದ ಭಾಗವನ್ನು ಮೊದಲು ಹೊರತೆಗೆದು ದೂರದರ್ಶನದ ಪರದೆಯಲ್ಲಿ ನೋಡಿಬಿಟ್ಟರೆ ಸಂಶಯ ಉಳಿಯುವುದಿಲ್ಲ.

ಉಗ್ರಾಣವೂ ಸೆಖೆಯೂ

ಹಗುರ ಪ್ರತಿಯಿದ್ದರೂ ಡಿಸ್ಕ್ ನಿಧಾನವಾಗಿದ್ದರೆ ಪ್ರಯೋಜನ ಕಡಿಮೆ. ಹಳೆಯ ಯುಎಸ್‌ಬಿ 2.0 ಸಂಪರ್ಕದಲ್ಲಿ ವಾಸ್ತವವಾಗಿ ಸೆಕೆಂಡಿಗೆ 30ರಿಂದ 40 ಮೆಗಾಬೈಟ್ ಸಾಗುತ್ತದೆ. ಒಳಗಿನ ತಿರುಗುವ ಹಾರ್ಡ್ ಡಿಸ್ಕ್ ಇದರ ಮೂರು ನಾಲ್ಕು ಪಟ್ಟು ಕೊಡುತ್ತದೆ. ಸಾಟಾ ಎಸ್‌ಎಸ್‌ಡಿ 500 ಮೆಗಾಬೈಟ್ ದಾಟುತ್ತದೆ. ಅಲ್ಲದೆ ತಿರುಗುವ ಡಿಸ್ಕಿನಲ್ಲಿ ಹಲವು ಕಡತಗಳನ್ನು ಒಮ್ಮೆಲೇ ಓದುವಾಗ ಅದರ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕಾಗಿ ವೇಗ ಇನ್ನೂ ಇಳಿಯುತ್ತದೆ. ಆದ್ದರಿಂದ ಮೂಲಗಳು ದೊಡ್ಡ ಹಾರ್ಡ್ ಡಿಸ್ಕಿನಲ್ಲಿರಲಿ, ಬದಲಿ ಪ್ರತಿಗಳೂ ತಂತ್ರಾಂಶದ ತಾತ್ಕಾಲಿಕ ಕಡತಗಳೂ ಎಸ್‌ಎಸ್‌ಡಿಯಲ್ಲಿರಲಿ. ಪೆನ್ ಡ್ರೈವಿನಿಂದ ನೇರವಾಗಿ ಸಂಕಲಿಸುವ ಅಭ್ಯಾಸವನ್ನು ಬಿಡುವುದೇ ಲೇಸು.

ಹಳೆಯ ಕಂಪ್ಯೂಟರಿಗೆ ಯಾವುದಾದರೂ ಒಂದೇ ಭಾಗವನ್ನು ಕೊಳ್ಳಬಹುದಾದರೆ ಯಾವುದನ್ನು ಕೊಳ್ಳಬೇಕು? ಅದರಲ್ಲಿ ಎಸ್‌ಎಸ್‌ಡಿ ಇಲ್ಲದಿದ್ದರೆ ಅದನ್ನೇ ಎನ್ನುತ್ತೇವೆ. ಸಂಕಲನಕ್ಕಷ್ಟೇ ಅಲ್ಲ, ದಿನನಿತ್ಯದ ಬಳಕೆಗೂ ಅದರ ಉಪಕಾರವಿದೆ. ಮೆಮರಿಯ ವಿಷಯದಲ್ಲಿ ಹೈ ಡೆಫಿನಿಷನ್ ಕೆಲಸಕ್ಕೆ 16 ಗಿಗಾಬೈಟ್ ನೆಮ್ಮದಿಯ ಅಳತೆ. ಬದಲಿ ಪ್ರತಿಗಳೊಂದಿಗೆ 8ರಲ್ಲಿಯೂ ಸಾಗುತ್ತದೆ.

ಇನ್ನೊಂದು ಸಂಗತಿಯನ್ನು ಮುಂಬಯಿ, ಚೆನ್ನೈಗಳ ಸೆಖೆಯಲ್ಲಿ ಬದುಕುವವರು ಮರೆಯಬಾರದು. ಪ್ರೊಸೆಸರ್ ಮಿತಿಮೀರಿ ಬಿಸಿಯಾದರೆ ತನ್ನನ್ನು ರಕ್ಷಿಸಿಕೊಳ್ಳಲು ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆದ ಸಂಕಲನ ಆಮೇಲೆ ಕುಂಟತೊಡಗಿದರೆ ಇದನ್ನು ಶಂಕಿಸಬೇಕು. ಗಾಳಿಕಿಂಡಿಗಳಲ್ಲಿ ಕೂತ ಧೂಳನ್ನು ತೆಗೆಯಿಸುವುದು, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡದೆ ಗಟ್ಟಿ ಮೇಜಿನ ಮೇಲಿಡುವುದು, ಚಾರ್ಜರ್ ಜೋಡಿಸಿಯೇ ಕೆಲಸ ಮಾಡುವುದು ಇವೆಲ್ಲ ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಪರಿಹಾರಗಳು. ಬ್ಯಾಟರಿಯ ಮೇಲೆ ನಡೆಯುವಾಗ ಅನೇಕ ಲ್ಯಾಪ್‌ಟಾಪುಗಳು ವಿದ್ಯುತ್ ಉಳಿಸಲು ವೇಗವನ್ನು ತಗ್ಗಿಸುತ್ತವೆ.

ಅಲಂಕಾರ ಕೊನೆಗಿರಲಿ

ಸಂಕಲನದ ತಂತ್ರಾಂಶದಲ್ಲಿ ಪೂರ್ವವೀಕ್ಷಣೆಯ ಸ್ಪಷ್ಟತೆಯನ್ನು ಅರ್ಧಕ್ಕೆ ಅಥವಾ ಕಾಲಿಗೆ ಇಳಿಸುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಇದು ಪರದೆಯ ಮೇಲಿನ ನೋಟವನ್ನು ಮಾತ್ರ ಮಸುಕಾಗಿಸುತ್ತದೆ, ಸಿದ್ಧಚಿತ್ರಕ್ಕೆ ಧಕ್ಕೆಯಿಲ್ಲ. ಧೈರ್ಯವಾಗಿ ಬಳಸಬಹುದು.

ಕೆಲಸದ ಅನುಕ್ರಮವೂ ವೇಗವನ್ನು ನಿರ್ಧರಿಸುತ್ತದೆ. ಮೊದಲು ಬೇಡದ್ದನ್ನು ಕತ್ತರಿಸಿ, ಕಥೆಯನ್ನು ಜೋಡಿಸಿ. ಆಮೇಲೆ ಧ್ವನಿಯನ್ನು ಸರಿಪಡಿಸಿ. ಬಣ್ಣ, ಹೆಸರುಗಳು, ಅಲುಗಾಟ ನಿವಾರಣೆ, ಕತ್ತಲಲ್ಲಿ ತೆಗೆದ ದೃಶ್ಯದ ಕಾಳುಕಾಳನ್ನು ತೆಗೆಯುವುದು ಇವೆಲ್ಲ ಕೊನೆಗೆ. ಕೊನೆಯ ಎರಡು ಅತಿ ಭಾರದ ಕೆಲಸಗಳು. ಅವನ್ನು ಮೊದಲೇ ಹಾಕಿಕೊಂಡರೆ ಪ್ರತಿ ಬಾರಿ ನೋಡುವಾಗಲೂ ಕಂಪ್ಯೂಟರ್ ಆ ಹೊರೆಯನ್ನು ಹೊರಬೇಕು. ಹಾಗೂ ಮಧ್ಯದಲ್ಲಿ ಬೇಕೇ ಬೇಕೆನಿಸಿದರೆ ಆ ತುಣುಕನ್ನಷ್ಟೇ ಮುಂಚಿತವಾಗಿ ರೆಂಡರ್ ಮಾಡಿಟ್ಟುಕೊಳ್ಳಬಹುದು.

ಹೊರತೆಗೆಯುವಾಗಲೂ ಒಂದು ಆಯ್ಕೆ ಎದುರಾಗುತ್ತದೆ. ಇಂಟೆಲ್‌ನ ಪ್ರೊಸೆಸರುಗಳಲ್ಲಿ 2011ರಿಂದ ಕ್ವಿಕ್ ಸಿಂಕ್ ಎಂಬ ವಿಭಾಗವಿದೆ. ಎನ್ವಿಡಿಯಾದ ಗ್ರಾಫಿಕ್ಸ್ ಕಾರ್ಡುಗಳಲ್ಲಿಯೂ ಇಂತಹದೇ ವ್ಯವಸ್ಥೆಯುಂಟು. ವಿಡಿಯೋ ಕುಗ್ಗಿಸುವುದಕ್ಕೆಂದೇ ಮೀಸಲಾದ ಈ ಭಾಗಗಳನ್ನು ತಂತ್ರಾಂಶದಲ್ಲಿ ಆಯ್ದುಕೊಂಡರೆ ಕೆಲಸ ಬಹಳ ಬೇಗ ಮುಗಿಯುತ್ತದೆ. ಅದೇ ಗಾತ್ರದ ಕಡತದಲ್ಲಿ ಪ್ರೊಸೆಸರ್ ನಿಧಾನವಾಗಿ ಮಾಡಿದ ಚಿತ್ರ ತುಸು ಹೆಚ್ಚು ಸ್ಪಷ್ಟವಾಗಿರುವುದುಂಟು. ಪರಿಶೀಲನೆಗೆ ವೇಗದ ದಾರಿ, ಶಾಶ್ವತವಾಗಿ ಇಟ್ಟುಕೊಳ್ಳುವ ಪ್ರತಿಗೆ ನಿಧಾನದ ದಾರಿ, ಇದು ನಾವು ಅನುಸರಿಸುವ ಕ್ರಮ.

ಎಲ್ಲಕ್ಕೂ ಸಂಕಲನವೇ ಬೇಕೆಂದೇನಿಲ್ಲ. ಮಗುವಿನ ನೃತ್ಯದ ಹಿಂದುಮುಂದಿನ ಭಾಗವನ್ನು ತೆಗೆದುಹಾಕುವುದಷ್ಟೇ ಉದ್ದೇಶವಾದರೆ ಲಾಸ್‌ಲೆಸ್‌ಕಟ್‌ನಂತಹ ಉಚಿತ ತಂತ್ರಾಂಶ ಚಿತ್ರವನ್ನು ಬಿಡಿಸದೆ, ಮತ್ತೆ ಕುಗ್ಗಿಸದೆ, ಕತ್ತರಿಸಿಕೊಡುತ್ತದೆ. ಗುಣಮಟ್ಟ ಕಿಂಚಿತ್ತೂ ಇಳಿಯುವುದಿಲ್ಲ. ಆದರೆ ಕತ್ತರಿ ಬೀಳುವುದು ಪೂರ್ಣ ಚೌಕಟ್ಟು ಇರುವ ಕಡೆಯೇ ಆದ್ದರಿಂದ ಅರ್ಧ ಸೆಕೆಂಡು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಹಿಂದುಮುಂದಾಗಬಹುದು.

ಮೊಬೈಲಿನ ದೃಶ್ಯಗಳು

ಇಂದು ಕ್ಯಾಮ್‌ಕಾರ್ಡರಿನ ಸ್ಥಾನವನ್ನು ಮೊಬೈಲ್ ಆಕ್ರಮಿಸಿದೆ. ಅದರ ದೃಶ್ಯಗಳಲ್ಲಿ ಎರಡು ವಿಶೇಷ ತೊಡಕುಗಳಿವೆ. ಒಂದು, ಬೆಳಕು ಮತ್ತು ಶಾಖಕ್ಕೆ ತಕ್ಕಂತೆ ಮೊಬೈಲ್ ಚೌಕಟ್ಟುಗಳ ವೇಗವನ್ನು ನಡುವೆಯೇ ಏರಿಳಿಸುತ್ತದೆ. ಸಂಕಲನದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದಕ್ಕೆ ಇದು ಸಾಮಾನ್ಯ ಕಾರಣ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ವೇಗವನ್ನು ಆಯ್ದು ಮೊದಲೇ ಪರಿವರ್ತಿಸಿಕೊಂಡರೆ ಈ ತೊಡಕು ನೀಗುತ್ತದೆ. ಇನ್ನೊಂದು, ಎಚ್‌ಇವಿಸಿ ರೂಪ. ಐಫೋನುಗಳಲ್ಲಿ 2017ರಿಂದ ಇದು ಬಳಕೆಯಲ್ಲಿದೆ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ಸ್ ಎಂಬಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆಯ್ದರೆ ಸಾಮಾನ್ಯ ದೃಶ್ಯಗಳು ಎಚ್.264ರಲ್ಲಿ ದಾಖಲಾಗುತ್ತವೆ. ಜಾಗ ಹೆಚ್ಚು ಹೋಗುತ್ತದೆ, ಹಳೆಯ ಕಂಪ್ಯೂಟರ್ ನಿಟ್ಟುಸಿರು ಬಿಡುತ್ತದೆ. ಕೊನೆಗೆ ಹೈ ಡೆಫಿನಿಷನ್ ಚಿತ್ರವೇ ಸಾಕೆನ್ನುವವರು ಸಮಾರಂಭವಿಡೀ 4ಕೆಯಲ್ಲಿ ಚಿತ್ರೀಕರಿಸುವ ಅಗತ್ಯವೂ ಇಲ್ಲ.

ಕೊಳ್ಳಲೇಬೇಕಾದಾಗ

ಇಷ್ಟೆಲ್ಲದರ ಬಳಿಕವೂ ಹೊಸ ಕಂಪ್ಯೂಟರ್ ಅಗತ್ಯವೆನಿಸಿದರೆ ಕೊಳ್ಳುವುದು ತಪ್ಪಲ್ಲ. ಆದರೆ ಅಂಗಡಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬೆಲೆಯೊಂದನ್ನೇ ನೋಡಬಾರದು. ಬಣ್ಣ ಮತ್ತು ವಿಶೇಷ ಪರಿಣಾಮಗಳಿಗೆ ಅದು ಸಹಾಯಕ. ಕುಗ್ಗಿದ ಚಿತ್ರವನ್ನು ಬಿಡಿಸುವುದು ಚಿಪ್ಪಿನ ಒಳಗಿನ ಪ್ರತ್ಯೇಕ ಭಾಗದ ಕೆಲಸ. ನಮ್ಮ ಮೊಬೈಲ್ ಅಥವಾ ಕ್ಯಾಮೆರಾ ದಾಖಲಿಸುವ ರೂಪವನ್ನು ಈ ಚಿಪ್ಪು ತಾನೇ ಬಿಡಿಸಬಲ್ಲದೇ, ಹತ್ತು ಬಿಟ್ ಬಣ್ಣದ ಎಚ್‌ಇವಿಸಿ ಅದಕ್ಕೆ ಒಗ್ಗುತ್ತದೆಯೇ ಎಂದು ವಿಚಾರಿಸಬೇಕು. ಸಾಧ್ಯವಾದರೆ ನಮ್ಮದೇ ದೃಶ್ಯವೊಂದನ್ನು ಪೆನ್ ಡ್ರೈವಿನಲ್ಲಿ ಒಯ್ದು, ಅಲ್ಲಿನ ಕಂಪ್ಯೂಟರಿಗೆ ನಕಲಿಸಿ, ಓಡಿಸಿ ನೋಡುವುದು ಉತ್ತಮ.

ಮೂಲವನ್ನು ಕಾಯ್ದಿರಿಸಿ

ಚಿತ್ರ ಸಿದ್ಧವಾದ ಮೇಲೆ ಬದಲಿ ಪ್ರತಿಗಳನ್ನು ಅಳಿಸಬಹುದು, ಅವನ್ನು ಮತ್ತೆ ತಯಾರಿಸಲು ಸಾಧ್ಯ. ಮೂಲವನ್ನು ಅಳಿಸಬಾರದು. ಡಿಸ್ಕುಗಳು ಮುನ್ಸೂಚನೆಯಿಲ್ಲದೆ ಕೆಡುವುದುಂಟು. ಮೂಲದ ಎರಡು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಲಿ. ನಮ್ಮ ಎರಡನೆಯ ಪ್ರತಿ ಪುಣೆಯ ಚಿಕ್ಕಪ್ಪನವರ ಮನೆಯಲ್ಲಿದೆ.

ಅಜ್ಜಿಯ ವರ್ಷಾಂತಿಕದ ಮರುದಿನ ಊರಿನ ಪಡಸಾಲೆಯಲ್ಲಿ ಆ ನಲವತ್ತು ನಿಮಿಷಗಳ ಚಿತ್ರವನ್ನು ಎಲ್ಲರೂ ಕುಳಿತು ನೋಡಿದೆವು. ಅವರ ತಂಗಿ, ನಮ್ಮ ಚಿಕ್ಕಜ್ಜಿ, ಒಂದು ಹಾಡು ಬಂದಾಗ ಮೆಲ್ಲನೆ ದನಿಗೂಡಿಸಿದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಆ ಹಾಡನ್ನು ಈಗ ಪೂರ್ತಿ ಹಾಡಬಲ್ಲಳು, ಅದನ್ನು ಅವಳು ಕಲಿತದ್ದು ಆ ಚಿತ್ರದಿಂದಲೇ. ಅಜ್ಜಿಗೆ ಮಾತ್ರ ತೋರಿಸಲಾಗಲಿಲ್ಲ.

ಓದುಗರ ಮನೆಗಳಲ್ಲಿಯೂ ಇಂತಹ ದೃಶ್ಯಗಳು ಕಾದಿರಬಹುದು. ಎಲ್ಲವನ್ನೂ ಒಮ್ಮೆಲೇ ಮುಗಿಸುವ ಹಟ ಬೇಡ. ಈ ಶನಿವಾರ ರಾತ್ರಿ ಒಂದು ಸಮಾರಂಭದ ಕಡತಗಳನ್ನು ಆರಿಸಿ ಬದಲಿ ಪ್ರತಿ ತಯಾರಿಸಲು ಬಿಡಿ. ಭಾನುವಾರ ಬೆಳಗ್ಗೆ ಹತ್ತು ನಿಮಿಷಗಳ ಒಂದು ತುಣುಕನ್ನು ಜೋಡಿಸಿ. ಅದರಲ್ಲಿ ಕಾಣಿಸುವ ಹಿರಿಯರು ಇಂದೂ ನಮ್ಮೊಡನಿದ್ದರೆ, ಮೊದಲು ಅವರಿಗೇ ತೋರಿಸಿ.